ಪಿಸ್ಟನ್ ದೊಡ್ಡದಾದರೆ ಓಟ ಹೆಚ್ಚೀತೇ?

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿ ಕೂತವರಿಗೆಲ್ಲ ಒಂದು ಆಸೆ ಹುಟ್ಟುತ್ತದೆ. ಹೇಗೂ ಹೊಸ ಪಿಸ್ಟನ್ ಹಾಕಲೇಬೇಕು. ಇನ್ನಷ್ಟು ದೊಡ್ಡದನ್ನೇ ಹಾಕಿದರೆ ಕಾರಿನ ಓಟವೂ ಹೆಚ್ಚಬಾರದೇಕೆ? ಪ್ರಶ್ನೆ ಸಹಜವಾದದ್ದೇ. ಉತ್ತರಕ್ಕೆ ಮಾತ್ರ ಮೆಕ್ಯಾನಿಕ್‌ನ ಅನುಭವದ ಜೊತೆಗೆ ಹೈಸ್ಕೂಲಿನ ಗಣಿತವೂ ಬೇಕು.

ಬ್ರಿಟನ್ನಿನ ಎಂ.ಜಿ.ಬಿ. ಕಾರನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಅಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾದ ಈ ಪುಟ್ಟ ಕಾರನ್ನು ಇಂದಿಗೂ ಅನೇಕರು ರಿಪೇರಿ ಮಾಡಿಸಿ ಆಸ್ಥೆಯಿಂದ ಓಡಿಸುತ್ತಾರೆ. ಇದರ ಎಂಜಿನ್ ನಮಗೆ ತೀರಾ ಅಪರಿಚಿತವೂ ಅಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಇದೇ ‘ಬಿ ಸೀರೀಸ್’ ಮನೆತನದ್ದು.

ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಎರಡರಲ್ಲೂ 88.9 ಮಿ.ಮೀ. ಬದಲಾದದ್ದು ಸಿಲಿಂಡರಿನ ವ್ಯಾಸ. ಅಂಬಾಸಿಡರ್‌ನಲ್ಲಿ ಅದು ಸುಮಾರು 73 ಮಿ.ಮೀ.; ಎಂ.ಜಿ.ಬಿ.ಯಲ್ಲಿ 80.26 ಮಿ.ಮೀ. ಅಷ್ಟರಿಂದಲೇ ಎಂಜಿನ್ 1798 ಸಿ.ಸಿ.ಗೆ ಏರಿತು. ಅಂದರೆ ಪಿಸ್ಟನ್ ದೊಡ್ಡದು ಮಾಡುವ ಉಪಾಯವನ್ನು ತಯಾರಕರೇ ಬಹುಮಟ್ಟಿಗೆ ಬಳಸಿ ಮುಗಿಸಿದ್ದರು. ಇದಕ್ಕಾಗಿ ಕೆಲವು ಸಿಲಿಂಡರ್‌ಗಳ ನಡುವಿನ ನೀರಿನ ದಾರಿಯನ್ನೇ ಕೈಬಿಡಬೇಕಾಯಿತು.

ಲೆಕ್ಕ ಏನು ಹೇಳುತ್ತದೆ?

ಎಂಜಿನ್ ಸವೆದಾಗ ಸಿಲಿಂಡರನ್ನು ಮತ್ತೆ ದುಂಡಗೆ ಕೊರೆದು, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದೇ ರೀಬೋರ್. ಎಂ.ಜಿ.ಬಿ.ಗೆ ಸಾಮಾನ್ಯವಾಗಿ ಸಿಗುವ ಪಿಸ್ಟನ್‌ಗಳು ಮೂಲ ಅಳತೆಗಿಂತ ಇಂಚಿನ ಸಾವಿರದ 20, 30, 40, 60 ಭಾಗದಷ್ಟು ದೊಡ್ಡವು. 60ರ ಅಳತೆಯೆಂದರೆ 1.52 ಮಿ.ಮೀ. ಹೆಚ್ಚಳ, ವ್ಯಾಸ 81.78 ಮಿ.ಮೀ. ಆಗುತ್ತದೆ.

ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವ್ಯಾಸ ಶೇ. 1.9ರಷ್ಟು ಹೆಚ್ಚಿದರೆ ಗಾತ್ರ ಶೇ. 3.8ರಷ್ಟು ಹೆಚ್ಚುತ್ತದೆ. ಎಂಜಿನ್ ಸುಮಾರು 1868 ಸಿ.ಸಿ. ಆಯಿತು. ಮೂಲ ಎಂಜಿನ್ನಿನದು 95 ಅಶ್ವಶಕ್ತಿ. ಗಾತ್ರದಷ್ಟೇ ಶಕ್ತಿಯೂ ಬೆಳೆಯಿತೆಂದು ಇಟ್ಟುಕೊಂಡರೂ ಸಿಕ್ಕಿದ್ದು ಮೂರೂವರೆ ಅಶ್ವಶಕ್ತಿಯ ಆಸುಪಾಸು! ಕಾರ್ಬುರೇಟರ್, ವಾಲ್ವ್‌ಗಳು ಹಳೆಯವೇ ಆಗಿದ್ದರೆ ಅಷ್ಟೂ ಸಿಗದಿರಬಹುದು.

ಇನ್ನೊಂದು ಪರಿಣಾಮವೂ ಉಂಟು. ಮೇಲಿನ ದಹನಕೋಣೆ ಹಾಗೇ ಉಳಿದು ಕೆಳಗಿನ ಗಾತ್ರ ಮಾತ್ರ ಹೆಚ್ಚಿದರೆ ಮಿಶ್ರಣ ಇನ್ನಷ್ಟು ಅದುಮಲ್ಪಡುತ್ತದೆ. 8.8ರ ಸಂಪೀಡನ ಅನುಪಾತ ಸುಮಾರು 9.1ಕ್ಕೆ ಏರುತ್ತದೆ. ಪೆಟ್ರೋಲ್ ಗುಣಮಟ್ಟ ಕಡಿಮೆಯಿದ್ದರೆ ಎಂಜಿನ್ ‘ನಾಕಿಂಗ್’ ಶುರುಮಾಡೀತು.

ಕಳೆದುಕೊಳ್ಳುವುದು ಏನು?

ಕೊರೆದು ತೆಗೆದ ಕಬ್ಬಿಣ ಮರಳಿ ಬರುವುದಿಲ್ಲ. 60ರ ಅಳತೆಗೆ ಕೊರೆದಾಗ ಸಿಲಿಂಡರಿನ ಗೋಡೆ ಸುತ್ತಲೂ 0.76 ಮಿ.ಮೀ. ತೆಳುವಾಗುತ್ತದೆ. 20ಕ್ಕೇ ಸರಿಹೋಗುತ್ತಿದ್ದ ಬ್ಲಾಕನ್ನು ಒಮ್ಮೆಲೇ 60ಕ್ಕೆ ಒಯ್ದರೆ, ಮುಂದೆ ಸವೆದಾಗ ಮತ್ತೆ ಕೊರೆಯುವ ಅವಕಾಶವನ್ನು ಇಂದೇ ಖರ್ಚು ಮಾಡಿದಂತೆ. ಆಮೇಲೆ ಉಳಿಯುವುದು ಲೈನರ್ ಹಾಕಿಸುವ ದುಬಾರಿ ದಾರಿ. ಪಂದ್ಯಕ್ಕೆಂದು 1950 ಸಿ.ಸಿ. ತನಕ ಹಿಗ್ಗಿಸುವವರೂ ಇದ್ದಾರೆ. ಆದರೆ ಅಂಥವರು ಮೊದಲು ಗೋಡೆಯ ದಪ್ಪವನ್ನು ಶ್ರವಣಾತೀತ ಧ್ವನಿಯ ಉಪಕರಣದಿಂದ ಪರೀಕ್ಷಿಸಿಕೊಳ್ಳಬೇಕು.

ಆದ್ದರಿಂದ ಅಳತೆಯನ್ನು ನಿರ್ಧರಿಸಬೇಕಾದ್ದು ಆಸೆಯಲ್ಲ, ಸವಕಳಿ. ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಹೆಚ್ಚು ಸವೆಯುವುದು ಮೇಲಿನ ರಿಂಗ್ ಉಜ್ಜುವ ಜಾಗ. ನಾಲ್ಕರಲ್ಲಿ ಹೆಚ್ಚು ಕೆಟ್ಟಿರುವ ಸಿಲಿಂಡರ್ ಯಾವ ಅಳತೆಗೆ ಸರಿಯಾಗುತ್ತದೋ ಅದೇ ಉಳಿದ ಮೂರಕ್ಕೂ ಅಳತೆ.

ಮೊದಲು ಪಿಸ್ಟನ್, ಆಮೇಲೆ ಬೋರಿಂಗ್

ಪಿಸ್ಟನ್‌ಗಳನ್ನು ಮೊದಲೇ ತಂದು, ಮೈಕ್ರೋಮೀಟರಿನಿಂದ ಅಳೆದು, ಆಮೇಲೆ ಅದಕ್ಕೆ ತಕ್ಕಂತೆ ಕೊರೆಸುವುದು ಒಳ್ಳೆಯ ಕಾರ್ಯಾಗಾರಗಳ ಪದ್ಧತಿ. ಪಿಸ್ಟನ್ನಿನ ಅಲ್ಯುಮಿನಿಯಂ ಕಾದಾಗ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೆಂದು ನಡುವೆ ಮಿಲಿಮೀಟರಿನ ನೂರನೆಯ ಕೆಲವೇ ಭಾಗದಷ್ಟು ಸಂದು ಬಿಡಬೇಕು. ಸಂದು ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಬಡಿದುಕೊಂಡು ಸದ್ದು ಮಾಡುತ್ತದೆ. ರಿಂಗಿನ ಎರಡು ತುದಿಗಳ ನಡುವೆಯೂ ಸಂದು ಬೇಕು. ಇಲ್ಲದಿದ್ದರೆ ಕಾದ ರಿಂಗ್ ತುದಿಗೆ ತುದಿ ಒತ್ತಿ ಮುರಿದೀತು. ಕೊನೆಗೆ ಹೋನಿಂಗ್ ಮಾಡಿ ಗೋಡೆಯ ಮೇಲೆ ಮೂಡಿಸುವ ಸಣ್ಣ ಅಡ್ಡಗೀರುಗಳು ಆಯಿಲ್ ಹಿಡಿದಿಡುತ್ತವೆ.

ಐ.ಟಿ.ಐ., ಡಿಪ್ಲೊಮಾ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಬೇಕೇ? ಇಲ್ಲಿ ವೃತ್ತದ ಸೂತ್ರವಿದೆ, ಉಷ್ಣ ವಿಕಾಸವಿದೆ, ಮೈಕ್ರೋಮೀಟರ್ ಹಿಡಿಯುವ ಶಿಸ್ತೂ ಇದೆ. ಮಗ ಅಥವಾ ಮಗಳು ಹಳೆಯ ವಾಹನದ ಎಂಜಿನ್ ಬಿಚ್ಚಲು ಹೊರಟರೆ ಪಾಲಕರು ಕೇಳಬೇಕಾದ ಪ್ರಶ್ನೆ ಒಂದೇ: ‘ಅಳತೆ ಬರೆದಿಟ್ಟುಕೊಂಡೆಯಾ?’ ಸವಕಳಿಯನ್ನು ಪೂರ್ತಿ ತೆಗೆದುಹಾಕುವ ಅತಿ ಚಿಕ್ಕ ಅಳತೆಯ ಪಿಸ್ಟನ್ನೇ ಸರಿಯಾದ ಪಿಸ್ಟನ್.