ಫ್ರೆಂಚ್ ಕಲಿಯಲು ವಿದ್ಯಾನಗರಕ್ಕಿಂತ ಒಳ್ಳೆಯ ಊರು ಯಾವುದು!

ತುಳುವಿನಲ್ಲಿ ‘ಯಾನ್ ಪೋಪೆ’ ಎನ್ನಿ. ಬೆನ್ನಿಗೇ ‘ಆಯೆ ಪೋಪೆ’ ಎನ್ನಿ. ನಾನು ಹೋಗುತ್ತೇನೆ, ಅವನು ಹೋಗುತ್ತಾನೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡು ಪೋಪೆಗಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ತುಳುವರ ಬಾಯಿಗೆ ಕಿವಿಗೊಟ್ಟರೆ ಕತೆಯೇ ಬೇರೆ! ‘ನಾನು’ ಹೋಗುವಾಗ ಕೊನೆಯ ಎಕಾರಕ್ಕೆ ದವಡೆ ಕೆಳಗಿಳಿದು ಸ್ವರ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ‘ಅವನು’ ಹೋಗುವಾಗ ಅದೇ ಎಕಾರ ಕಿರಿದಾಗಿ, ತುಟಿಯಂಚಿನಲ್ಲೇ ಮುಗಿದುಹೋಗುತ್ತದೆ. ಹೋಗುವವರು ಯಾರು ಎಂಬ ಇಡೀ ವ್ಯಾಕರಣ ಆ ಬೆರಳಗಲದ ಬಾಯಿಯಲ್ಲಿದೆ.

ಈಗ ಫ್ರೆಂಚಿಗೆ ಬನ್ನಿ. ‘ಝ ಪಾರ್ಲರೆ’ ಎಂದರೆ ನಾನು ಮುಂದೆ ಮಾತಾಡುವೆ. ‘ಝ ಪಾರ್ಲರೆ’ ಎಂದರೆ ಸಂದರ್ಭ ಸಿಕ್ಕಿದ್ದರೆ ಮಾತಾಡುತ್ತಿದ್ದೆ. ಅಚ್ಚಿನ ತಪ್ಪಲ್ಲ, ಕನ್ನಡದಲ್ಲಿ ಎರಡನ್ನೂ ಹೀಗೆಯೇ ಬರೆಯಬೇಕು! ಮೊದಲನೆಯದರ ಕೊನೆಗೆ ಕಿರಿದಾದ ಎ, ಎರಡನೆಯದರ ಕೊನೆಗೆ ಅಗಲವಾದ ಎ. ಅವೇ ಎರಡು ಸ್ವರ, ಕ್ರಿಯಾಪದದ ಅದೇ ತುದಿ, ವ್ಯಾಕರಣದ ಭಾರವನ್ನೆಲ್ಲ ಹೊತ್ತ ಅದೇ ದವಡೆಯ ಏರಿಳಿತ. ಫ್ರೆಂಚ್ ಉಚ್ಚಾರಣೆಯ ಪಾಠಪುಸ್ತಕಗಳು ಈ ಭೇದಕ್ಕೆ ಪುಟಗಟ್ಟಲೆ ಅಭ್ಯಾಸ ಕೊಡುತ್ತವೆ. ದಕ್ಷಿಣ ಫ್ರಾನ್ಸಿನ ಬಹಳಷ್ಟು ಜನ ಮಾತಿನಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದಾರೆ. ಅಂದರೆ ಮಾರ್ಸೇಲಿನ ಮೀನುಗಾರ ಮಾಡದ ವ್ಯತ್ಯಾಸವನ್ನು ಮಂಜೇಶ್ವರದ ತುಳು ಅಜ್ಜಿ ಎಲೆಯಡಿಕೆ ಜಗಿಯುತ್ತ ಮಾಡುತ್ತಾರೆ!

ಈ ಎಳೆಯ ಜಾಡು ಹಿಡಿದು ಹೋದರೆ ತಲುಪುವುದು ಕಾಸರಗೋಡಿನ ವಿದ್ಯಾನಗರಕ್ಕೆ. ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಜಿಲ್ಲಾ ಕಲೆಕ್ಟರೇಟು, ಅದಕ್ಕೆ ಹತ್ತಿರದಲ್ಲೇ 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷವೇ ಹುಟ್ಟಿದ ಈ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವೂ ಇದೆ. ಇಲ್ಲಿನ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಕಲೆಕ್ಟರೇಟಿಗೆ ಅರ್ಜಿ ಹಿಡಿದು ಬಂದವರು, ಕಾಲೇಜಿನ ಮಕ್ಕಳು, ಉಪ್ಪಳದ ಕಡೆಯವರು, ಬದಿಯಡ್ಕದ ಕಡೆಯವರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ‘ಸಪ್ತಭಾಷಾ ಸಂಗಮಭೂಮಿ’ ಎಂದು ಸಭೆಗಳಲ್ಲಿ ಹೇಳಿ ಹೇಳಿ ಸವೆದುಹೋದ ಮಾತು ಅದು. ಫ್ರೆಂಚ್ ವ್ಯಾಕರಣವೊಂದನ್ನು ಕೈಯಲ್ಲಿ ಹಿಡಿದು ಆ ಏಳನ್ನೂ ಕೇಳಿದಾಗ ಮಾತ್ರ ಅದರ ಬೆಲೆ ಹೊಳೆಯುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಕಲಿಯುವ ಭಾರತೀಯರು ಎಲ್ಲೆಲ್ಲಿ ಎಡವುತ್ತಾರೋ, ಅಲ್ಲೆಲ್ಲ ಈ ನಿಲ್ದಾಣದ ಯಾರಾದರೊಬ್ಬರು ಸಲೀಸಾಗಿ ನಡೆದುಹೋಗುತ್ತಾರೆ!

ಮೂಗಿನ ಸ್ವರಗಳನ್ನೇ ನೋಡಿ. ಫ್ರೆಂಚ್ ಮೇಷ್ಟ್ರುಗಳು ‘ಒಂದು ಒಳ್ಳೆಯ ಬಿಳಿ ವೈನ್’ ಎಂಬ ನಾಲ್ಕು ಪದಗಳ ಮಾತನ್ನು ಹೇಳಿಸುತ್ತಾರೆ: ಅಂ ಬೊಂ ವ್ಯಾಂ ಬ್ಲಾಂ. ನಾಲ್ಕರಲ್ಲಿ ನಾಲ್ಕು ಬೇರೆ ಬೇರೆ ಅನುನಾಸಿಕ ಸ್ವರ. ಕನ್ನಡದವರು ಸೊನ್ನೆ ಕಂಡ ತಕ್ಷಣ ತುಟಿ ಮುಚ್ಚಿ ‘ಬೊಮ್’ ಅನ್ನುತ್ತೇವೆ, ಇಲ್ಲವೇ ನಾಲಿಗೆ ತಾಗಿಸಿ ‘ಬೊನ್’ ಅನ್ನುತ್ತೇವೆ. ಎರಡೂ ತಪ್ಪು. ಬಾಯಿ ತೆರೆದೇ ಇರಬೇಕು, ಉಸಿರು ಮೂಗಿನಿಂದಲೂ ಹೊರಡಬೇಕು. ಕೊಂಕಣಿಯ ಹುಡುಗಿ ಮನೆಯಲ್ಲಿ ‘ತೂಂ’ ಎಂದು ಕರೆಯುವಾಗ ಮಾಡುವುದು ಇದನ್ನೇ. ಅಲ್ಲಿ ಮಕಾರವೂ ಇಲ್ಲ, ನಕಾರವೂ ಇಲ್ಲ, ಸ್ವರವೇ ಮೂಗಿಗೆ ಏರಿದೆ. ಅವಳಿಗೆ ಈ ಪಾಠ ಅರ್ಧ ಗಂಟೆಯದು, ನಮಗೆ ಅರ್ಧ ವರ್ಷದ್ದು!

ಇನ್ನು ಆ ಕುಖ್ಯಾತ ರಕಾರ. ಪ್ಯಾರಿಸ್ಸಿನ ‘ರ’ ನಾಲಿಗೆಯ ತುದಿಯಲ್ಲಿ ಹುಟ್ಟುವುದಿಲ್ಲ, ಗಂಟಲಿನ ಬಾಗಿಲಲ್ಲಿ, ಕಿರುನಾಲಗೆಯ ಹತ್ತಿರ ಉಜ್ಜಿಕೊಂಡು ಬರುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಆ ಜಾಗಕ್ಕೆ ಅಕ್ಷರವೇ ಇಲ್ಲ. ಉರ್ದು ಬಲ್ಲವರು ‘ಗಜಲ್’ ಪದದ ಮೊದಲ ವ್ಯಂಜನವನ್ನು ಸರಿಯಾಗಿ ನುಡಿಯುವುದನ್ನು ಕೇಳಿ. ‘ಗೈನ್’ ಎಂಬ ಆ ಅಕ್ಷರ ಅರಬಿಯಿಂದ ಬಂದದ್ದು. ಮದರಸಾದಲ್ಲಿ ಓದಿದ ಬ್ಯಾರಿ, ಮಾಪಿಳ್ಳೆ ಮಕ್ಕಳು ಅದನ್ನು ಐದಾರನೇ ವಯಸ್ಸಿಗೇ ಗಂಟಲಲ್ಲಿ ಕೂರಿಸಿಕೊಂಡಿರುತ್ತಾರೆ. ಗೈನ್ ಮತ್ತು ಪ್ಯಾರಿಸ್ಸಿನ ರಕಾರ ಪೂರ್ತಿ ಒಂದೇ ಅಲ್ಲ, ಆದರೆ ಒಂದೇ ಕೇರಿಯವು. ಅಲ್ಲಿಂದ ಇಲ್ಲಿಗೆ ಹೆಜ್ಜೆ ಎಷ್ಟು ಮಹಾ!

ಲಿಂಗದ ವಿಚಾರವಂತೂ ಕನ್ನಡಿಗರ ಪಾಲಿಗೆ ನಿಜವಾದ ತಲೆನೋವು. ನಮ್ಮದು ಅರ್ಥ ನೋಡಿ ಲಿಂಗ ಹೇಳುವ ಭಾಷೆ. ಮೇಜು ಅದು, ಕುರ್ಚಿ ಅದು, ಅಲ್ಲಿಗೆ ಮುಗಿಯಿತು. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಕುರ್ಚಿಯೂ ಸ್ತ್ರೀಲಿಂಗ. ಏಕೆ ಎಂದು ಕೇಳುವ ಹಾಗಿಲ್ಲ. ಉರ್ದುವಿನಲ್ಲಿಯೂ ಮೇಜ್ ಸ್ತ್ರೀಲಿಂಗ, ಕುರ್ಸಿ ಸ್ತ್ರೀಲಿಂಗ! ಖುಷಿಯಿಂದ ಮುಂದೆ ಹೋದರೆ ಪುಸ್ತಕದಲ್ಲಿ ಜೋಡಿ ಮುರಿಯುತ್ತದೆ. ಕಿತಾಬ್ ಹೆಣ್ಣು, ಫ್ರೆಂಚಿನ ಲೀವ್ರ್ ಗಂಡು. ಚಾಂದ್ ಗಂಡು, ಲ್ಯೂನ್ ಹೆಣ್ಣು. ಆದರೂ ಜೀವವಿಲ್ಲದ ವಸ್ತುವಿಗೆ ಲಿಂಗವಿರುತ್ತದೆ, ವಿಶೇಷಣ ಅದಕ್ಕೆ ತಕ್ಕಂತೆ ಬಾಗುತ್ತದೆ ಎಂಬ ಅಭ್ಯಾಸವೇ ದೊಡ್ಡ ಬಂಡವಾಳ. ಅದು ಉರ್ದು, ಕೊಂಕಣಿ, ಮರಾಠಿ ಮನೆಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕುಂಬಳೆ ಸೀಮೆಯ ಹವ್ಯಕರದ್ದು ಇನ್ನೊಂದೇ ಸೋಜಿಗ. ಅವರಲ್ಲಿ ‘ಅಕ್ಕ ಬಂತು’. ಹೆಂಗಸರಿಗೆ ನಪುಂಸಕದ ಕ್ರಿಯಾಪದ! ಅದರಲ್ಲಿ ಅಗೌರವದ ಲವಲೇಶವೂ ಇಲ್ಲ. ಲಿಂಗ ಎಂಬುದು ಲೋಕದ್ದಲ್ಲ, ವ್ಯಾಕರಣದ್ದು ಎಂದು ಮೊದಲ ವರ್ಷದ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಮನದಟ್ಟು ಮಾಡಲು ಇದಕ್ಕಿಂತ ಚೊಕ್ಕ ಉದಾಹರಣೆ ಎಲ್ಲಿ ಹುಡುಕುವುದು?

ಹಾಗಾದರೆ ಬರಿಯ ಕನ್ನಡ ಬಲ್ಲವರಿಗೆ ಏನೂ ಇಲ್ಲವೆ? ಇದೆ, ಅದೂ ಎಂಥದ್ದು! ಫ್ರೆಂಚ್ ಕಲಿಯುವ ಇಂಗ್ಲಿಷರು ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಂಡು ಕಂಗಾಲಾಗುತ್ತಾರೆ. ‘ಲ’ ಮತ್ತು ‘ಆಮಿ’ ಸೇರಿ ‘ಲಾಮಿ’, ಗೆಳೆಯ. ಮೊದಲ ಪದದ ಸ್ವರ ಹಾರಿಹೋಯಿತು. ಕಾಸರಗೋಡಿನ ಕನ್ನಡ ಶಾಲೆಯ ಯಾವ ಮಗುವನ್ನಾದರೂ ಕೇಳಿ, ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’, ಲೋಪಸಂಧಿ ಎಂದು ಬಾಯಿಪಾಠ ಒಪ್ಪಿಸುತ್ತದೆ. ಫ್ರೆಂಚಿನಲ್ಲಿ ‘ಆ’ ಮತ್ತು ‘ಇಲ್’ ಎದುರುಬದುರಾದರೆ ನಡುವೆ ಎಲ್ಲಿಂದಲೋ ಒಂದು ತಕಾರ ಬಂದು ‘ಆತಿಲ್’ ಆಗುತ್ತದೆ. ‘ಮನೆ’ ಮತ್ತು ‘ಇಂದ’ ಸೇರಿದಾಗ ನಮ್ಮಲ್ಲಿ ಬರುವ ಯಕಾರ ಎಲ್ಲಿಂದ ಬರುತ್ತದೋ ಅಲ್ಲಿಂದಲೇ. ಆಗಮಸಂಧಿ! ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕನ್ನಡದ ಸಂಧಿಗಳನ್ನು ಸೂತ್ರಕ್ಕಿಳಿಸಿ ಕೂತಿದ್ದ. ಪಾಣಿನಿಯ ಪರಂಪರೆಯ ‘ಸಂಧಿ’ ಎಂಬ ಹೆಸರನ್ನು ಪಶ್ಚಿಮದ ಭಾಷಾವಿಜ್ಞಾನಿಗಳು ಹಾಗೆಯೇ ಎತ್ತಿಕೊಂಡರು. ಪ್ಯಾರಿಸ್ಸಿನ ತರಗತಿಯಲ್ಲೂ ಅದು ಸಂಧಿಯೇ.

ಒಂದು ಸ್ವರಕ್ಕೆ ಮಾತ್ರ ವಿದ್ಯಾನಗರದಲ್ಲಿ ವಿಳಾಸವಿಲ್ಲ. ‘ನೀನು’ ಎನ್ನಲು ಫ್ರೆಂಚರು ಹೇಳುವ ‘ತು’ ಇದೆಯಲ್ಲ, ಅದರ ಉಕಾರ ನಮ್ಮ ಉಕಾರವಲ್ಲ. ನಾಲಿಗೆ ‘ಈ’ ಹೇಳಬೇಕು, ತುಟಿ ‘ಊ’ ಹೇಳಬೇಕು, ಎರಡೂ ಒಟ್ಟಿಗೆ. ಏಳು ಭಾಷೆಗಳಲ್ಲಿ ಒಂದೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಕನ್ನಡಿ ಮುಂದೆ ನಿಂತು ಅಣಕಿಸುವುದೊಂದೇ ದಾರಿ.

ನೆರೆಯಲ್ಲೇ ಫ್ರೆಂಚರು ಇದ್ದರು ಎಂಬುದನ್ನೂ ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ! ಕಾಸರಗೋಡಿನಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ಹೋದರೆ ಮಾಹೆ. 1721ರಲ್ಲಿ ಅಲ್ಲಿ ಕಾಲೂರಿದ ಫ್ರೆಂಚರು, ನಡುನಡುವೆ ಇಂಗ್ಲಿಷರಿಗೆ ಬಿಟ್ಟುಕೊಟ್ಟರೂ, ಕೊನೆಗೆ ಹೊರಟದ್ದು 1954ರ ಜುಲೈ 16ರಂದು. ಈ ಮಾಹೆಯಿಂದಲೇ ಎದೆ ಝಲ್ಲೆನಿಸುವ ಒಂದು ಪ್ರಯಾಣ ಹೊರಟಿತ್ತು. ಆಂಕೆತಿಲ್ ದ್ಯುಪೆರೋಂ ಎಂಬ ಫ್ರೆಂಚ್ ಯುವಕ ಪಾರ್ಸಿಗಳ ಅವೆಸ್ತಾ ಗ್ರಂಥದ ಹುಚ್ಚು ಹತ್ತಿಸಿಕೊಂಡು 1755ರಲ್ಲಿ ಪಾಂಡಿಚೇರಿಗೆ ಬಂದಿಳಿದ. ಬಂಗಾಳ ಸುತ್ತಿದ, ಮಾಹೆಗೆ ಬಂದ, ಅಲ್ಲಿಂದ ನೆಲದ ದಾರಿ ಹಿಡಿದು ಗೋವಾಕ್ಕೆ, ಗೋವಾದಿಂದ ಸೂರತ್ತಿಗೆ. 1758ರಲ್ಲಿ ಸೂರತ್ ತಲುಪಿದ. ಮಾಹೆಯಿಂದ ಗೋವಾಕ್ಕೆ ಕರಾವಳಿಯ ಹಾದಿ ಎಂದರೆ ಭೂಪಟ ಬಿಡಿಸಿ ನೋಡಬೇಕಾಗಿಯೂ ಇಲ್ಲ, ನಮ್ಮ ಈ ಹೊಳೆಗಳನ್ನೇ ದಾಟಿ ಹೋಗಬೇಕು! ಅವನ ಅವೆಸ್ತಾ ಅನುವಾದ 1771ರಲ್ಲಿ ಬಂತು. ಆಮೇಲೆ ಮೊಗಲ್ ರಾಜಕುಮಾರ ದಾರಾ ಶಿಕೊಹ್ ಮಾಡಿಸಿದ್ದ ಪಾರಸಿ ಉಪನಿಷತ್ತುಗಳನ್ನು ಅವನು ಲ್ಯಾಟಿನ್ನಿಗೆ ತಂದ. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹೌವರ್ ಮಾರುಹೋದದ್ದು ಆ ಲ್ಯಾಟಿನ್ ಉಪನಿಷತ್ತಿಗೆ.

ಇದೇ ಆಂಕೆತಿಲ್ ಇನ್ನೊಬ್ಬ ಫ್ರೆಂಚರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. ದಕ್ಷಿಣ ಭಾರತದಲ್ಲಿ ದಶಕಗಳ ಕಾಲ ಇದ್ದ ಜೆಸ್ಯೂಯಿಟ್ ಪಾದ್ರಿ ಗಾಸ್ತೋಂ ಕೋರ್ದು. ಸಂಸ್ಕೃತದ ‘ದಾನಂ’ ಲ್ಯಾಟಿನ್ನಿನ ‘ದೋನುಮ್’ ಏಕೆ ಆಗಿದೆ, ‘ವಿಧವಾ’ ಅಲ್ಲಿ ‘ವಿದುವಾ’ ಏಕೆ ಆಗಿದೆ, ಈ ಭಾಷೆಗಳಿಗೆಲ್ಲ ಒಂದೇ ಮೂಲವೇ ಎಂದು ಕೋರ್ದು 1767ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಗೆ ಬರೆದರು. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಇದನ್ನೇ ಹೇಳುವ ತಮ್ಮ ಹೆಸರಾಂತ ಭಾಷಣ ಮಾಡುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು! ಕೋರ್ದು ಬರೆದದ್ದು ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ ಜೋನ್ಸ್ ಹೆಸರು ಜಗತ್ತಿಗೆಲ್ಲ ಹರಡಿಯಾಗಿತ್ತು. ಅಕಾಡೆಮಿಗಳ ಆಮೆವೇಗಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಿಕ್ಕಿಲ್ಲ.

ಆಧುನಿಕ ಭಾಷಾವಿಜ್ಞಾನದ ಪಿತಾಮಹ ಎನಿಸಿದ ಸಸೂರ್, ಜಿನೀವಾದ ಫ್ರೆಂಚ್ ಮಾತುಗಾರ, 1881ರ ತನ್ನ ಡಾಕ್ಟರೇಟ್ ಪ್ರಬಂಧ ಬರೆದದ್ದು ಸಂಸ್ಕೃತದ ಷಷ್ಠೀ ವಿಭಕ್ತಿಯ ಒಂದು ಬಳಕೆಯ ಮೇಲೆ. ತೀರಿಕೊಂಡ ಮೂರು ವರ್ಷಕ್ಕೆ, 1916ರಲ್ಲಿ, ಅವನ ಪಾಠಗಳನ್ನು ಸಹೋದ್ಯೋಗಿಗಳು ಪುಸ್ತಕವಾಗಿಸಿದರು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ಬ್ಲೋಕ್ 1946ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣರಚನೆಯ ಬಗ್ಗೆ ಫ್ರೆಂಚಿನಲ್ಲೇ ಒಂದು ಪುಸ್ತಕ ಬರೆದರು. ಫ್ರೆಂಚ್ ಓದಲು ಹೋದವರಿಗೆ ಅಲ್ಲಿ ಕಾಯುತ್ತಿರುವುದು ಎಷ್ಟೋ ಸಲ ನಮ್ಮದೇ ಹಿತ್ತಲು!

ಕನ್ನಡದ ಒಬ್ಬ ಹುಡುಗ ಈ ಹಾದಿಯಲ್ಲಿ ನಿಜಕ್ಕೂ ನಡೆದಿದ್ದ. ಹಾಸನದ ರಾಜಾ ರಾವ್. 1929ರಲ್ಲಿ ವಿದ್ಯಾರ್ಥಿವೇತನ ಪಡೆದು ಫ್ರಾನ್ಸಿನ ಮಾಂಪೆಲಿಯೇ ವಿಶ್ವವಿದ್ಯಾಲಯಕ್ಕೆ ಹೋದರು, ಆಮೇಲೆ ಸೊರ್ಬೋನ್. ಫ್ರೆಂಚ್ ನೆಲದಲ್ಲಿದ್ದುಕೊಂಡೇ ಅವರು ‘ಜಯಕರ್ನಾಟಕ’ಕ್ಕೆ ಕನ್ನಡದಲ್ಲಿ ಬರೆದರು, 1938ರಲ್ಲಿ ಬಂದ ‘ಕಾಂತಾಪುರ’ವನ್ನೂ ಅಲ್ಲಿಯೇ ಬರೆದರು. ಕನ್ನಡದ ಹಳ್ಳಿಯೊಂದರ ಅಜ್ಜಿ ಇಂಗ್ಲಿಷಿನಲ್ಲಿ ಕತೆ ಹೇಳಲು ಕಲಿತದ್ದು ಫ್ರಾನ್ಸಿನಲ್ಲಿ ಎಂದರೆ ನಂಬುವುದು ಹೇಗೆ! ಕನ್ನಡಕ್ಕೆ ಫ್ರೆಂಚ್ ಬಂದ ದಾರಿಗಳು ಬೇರೆಯೂ ಇವೆ. ಮೊಲಿಯೇರನ ‘ತಾರ್ತ್ಯುಫ್’ ಎ.ಎನ್. ಮೂರ್ತಿರಾಯರ ಕೈಯಲ್ಲಿ ‘ಆಷಾಢಭೂತಿ’ಯಾಯಿತು, ಬೋದಿಲೇರನನ್ನು ಲಂಕೇಶ್ ‘ಪಾಪದ ಹೂಗಳು’ ಎಂದು ತಂದರು.

ಮಾಂಪೆಲಿಯೇ ಎಂದಾಗ ಇನ್ನೊಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬಾರದು. ಆ ಊರಿನ ನಾಡಭಾಷೆ ಫ್ರೆಂಚಲ್ಲ, ಓಕ್ಸಿತಾನ್! 1539ರಲ್ಲಿ ರಾಜಾಜ್ಞೆಯೊಂದು ಕೋರ್ಟು ಕಚೇರಿಗಳ ಕಾಗದಪತ್ರಕ್ಕೆಲ್ಲ ಫ್ರೆಂಚನ್ನು ಕಡ್ಡಾಯ ಮಾಡಿತು. 1794ರಲ್ಲಿ, ಕ್ರಾಂತಿಯ ನಡುವೆ, ಪಾದ್ರಿ ಗ್ರೆಗ್ವಾರ್ ಮಂಡಿಸಿದ ವರದಿಯ ಪ್ರಕಾರ ಶುದ್ಧ ಫ್ರೆಂಚ್ ಮಾತಾಡುವವರು 30 ಲಕ್ಷಕ್ಕಿಂತ ಹೆಚ್ಚಿರಲಿಲ್ಲ, ಫ್ರೆಂಚೇ ಬಾರದವರು 60 ಲಕ್ಷ. ಉಳಿದ ನುಡಿಗಳನ್ನು ಅಳಿಸಿಹಾಕಬೇಕು ಎಂಬುದೇ ಆ ವರದಿಯ ಸಲಹೆ. ಬ್ರೆತಾನಿನವರು, ಬಾಸ್ಕರು, ಕಾರ್ಸಿಕಾದವರು, ಓಕ್ಸಿತಾನರು ಎಲ್ಲರೂ ಶಾಲೆಯ ಬಾಗಿಲಲ್ಲಿ ತಮ್ಮ ಮಾತನ್ನು ಬಿಚ್ಚಿಟ್ಟು ಒಳಗೆ ಹೋಗಬೇಕಾಯಿತು. ಅಷ್ಟಾದರೂ ಓಕ್ಸಿತಾನಿನ ಪ್ರೊವಾಂಸ್ ರೂಪದಲ್ಲಿ ಕಾವ್ಯ ಬರೆದು, ಎರಡು ಸಂಪುಟದ ನಿಘಂಟನ್ನೂ ಕಟ್ಟಿದ ಫ್ರೆದೆರಿಕ್ ಮಿಸ್ತ್ರಾಲನಿಗೆ 1904ರಲ್ಲಿ ನೊಬೆಲ್ ಬಂತು. ಫ್ರೆಂಚ್ ಸಾಹಿತ್ಯದ ಪಠ್ಯಕ್ರಮದಲ್ಲಿ ಪ್ಯಾರಿಸ್ಸಿನ ಕಾದಂಬರಿಗಳಿಗೆ ಸಿಗುವ ಜಾಗದ ಕಾಲುಭಾಗ ಇವನಿಗೂ ಸಿಗಬೇಕು ಎಂಬುದು ನನ್ನ ಪಟ್ಟು. ಕಚೇರಿಯ ಕಾಗದ ಯಾವ ಭಾಷೆಯಲ್ಲಿ ಬರಬೇಕು ಎಂದು ಆರು ದಶಕ ದಾಟಿಯೂ ಕೇಳುತ್ತಿರುವ ಕಾಸರಗೋಡಿನ ಕನ್ನಡಿಗರಿಗೆ ಮಿಸ್ತ್ರಾಲ್ ದೂರದವನಲ್ಲ.

ಓದುವುದೆಲ್ಲಿ ಎಂದಿರಾ? ಪಾಂಡಿಚೇರಿ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವಿದೆ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ, ದಿಲ್ಲಿಯ ಜೆಎನ್‌ಯು ಇದೆ. ಜೆಎನ್‌ಯುನ ಬಿ.ಎ. ಆನರ್ಸ್‌ಗೆ ಫ್ರೆಂಚಿನ ಗಂಧಗಾಳಿ ಇಲ್ಲದವರೂ ಸೇರಬಹುದು. ಬರಿಯ ಭಾಷಾವಿಜ್ಞಾನ ಸಾಕೆನ್ನುವವರಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಂತೂ ಮನೆಯ ಹತ್ತಿರವೇ. ಫ್ರೆಂಚಿಗೆ ಹೋದವರಿಗೆ ಮೊದಲ ವಾರದಲ್ಲೇ ‘ನು’ ಎಂಬ ಸರ್ವನಾಮ ಎದುರಾಗುತ್ತದೆ. ಅದಕ್ಕೆ ‘ನಾವು’ ಎಂದು ಅರ್ಥ ಬರೆಸುತ್ತಾರೆ. ಮೈಸೂರಿನ ಕಡೆಯವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ವಿದ್ಯಾನಗರದಿಂದ ಹೋದವರ ಪೆನ್ನು ಮಾತ್ರ ಅಲ್ಲೇ ನಿಲ್ಲಬೇಕು. ಏಕೆಂದರೆ ತುಳುವಿನಲ್ಲಿ ‘ನಮ’ ಬೇರೆ ‘ಎಂಕುಳು’ ಬೇರೆ, ಮಲಯಾಳದಲ್ಲಿ ‘ನಮ್ಮಳ್’ ಬೇರೆ ‘ಞಂಙಳ್’ ಬೇರೆ, ಹವ್ಯಕರಲ್ಲಿ ‘ನಾವು’ ಬೇರೆ ‘ಎಂಗೊ’ ಬೇರೆ. ಕೈಯೆತ್ತಿ ಕೇಳಿಯೇಬಿಡಲಿ: ಪಾಠ ಹೇಳುತ್ತಿರುವ ನಿಮ್ಮನ್ನೂ ಸೇರಿಸಿಕೊಂಡು ‘ನಾವೋ’, ನಿಮ್ಮನ್ನು ಬಿಟ್ಟು ‘ನಾವೋ’?