ಮನೆಯಲ್ಲೇ ಮೊಳಕೆಯ ಚಲನಚಿತ್ರ

ಮೊಳೆಯುತ್ತಿರುವ ಕಾಳನ್ನು ಗಂಟೆಗಟ್ಟಲೆ ದಿಟ್ಟಿಸಿದರೂ ಅದು ಅಲುಗಿದಂತೆ ಕಾಣುವುದಿಲ್ಲ. ಮಾರನೆಯ ದಿನ ನೋಡಿದರೆ ಬೇರು ಇಳಿದಿರುತ್ತದೆ. ಈ ನಿಧಾನ ಚಲನೆಯನ್ನು ಕಣ್ಣಿಗೆ ಕಾಣಿಸುವ ಸಾಧನ ಇಂದು ಹಲವು ಮನೆಗಳಲ್ಲಿದೆ. ಅದೇ ಮೊಬೈಲ್ ಫೋನಿನ ಕ್ಯಾಮೆರಾ. ಹವ್ಯಾಸಕ್ಕಾಗಿ ವಿಡಿಯೊ ತೆಗೆಯುವವರು ಚಿತ್ರಗಳ ನಡುವಿನ ಅಂತರ, ಬೆಳಕು ಮತ್ತು ಅಳತೆ ಎಂಬ ಮೂರು ಸಂಗತಿಗಳನ್ನು ಗಮನಿಸಿದರೆ ಆ ವಿಡಿಯೊ ಒಂದು ಪ್ರಯೋಗದ ದಾಖಲೆಯಾಗುತ್ತದೆ. ಗಮನಿಸದಿದ್ದರೆ ಅದು ಇಲ್ಲದ ಚಲನೆಯನ್ನೂ ತೋರಿಸಬಲ್ಲದು!

ಈ ಹವ್ಯಾಸ ಹೊಸದಲ್ಲ. 'ರಾಜಾ ಹರಿಶ್ಚಂದ್ರ' (1913) ಚಿತ್ರವನ್ನು ನಿರ್ಮಿಸುವ ಮುನ್ನ ದಾದಾಸಾಹೇಬ್ ಫಾಲ್ಕೆ ಅವರು 1912ರಲ್ಲಿ ಒಂದು ಕಿರುಚಿತ್ರ ತಯಾರಿಸಿದರು. ಅದರ ಹೆಸರು 'ಅಂಕುರಾಚಿ ವಾಢ್', ಅಂದರೆ ಮೊಳಕೆಯ ಬೆಳವಣಿಗೆ. ಕುಂಡದಲ್ಲಿ ಬಿತ್ತಿದ ಬಟಾಣಿ ಮೊಳೆತು ಬಳ್ಳಿಯಾಗುವುದನ್ನು ಬಿಡಿ ಬಿಡಿ ಚಿತ್ರಗಳಾಗಿ ಸೆರೆಹಿಡಿದು ಅವರು ಅದನ್ನು ಹಣ ಹೂಡಬಲ್ಲವರಿಗೆ ತೋರಿಸಿದರು.

ಅಂತರದ ಲೆಕ್ಕ

ವಿಡಿಯೊ ಎಂದರೆ ಸ್ಥಿರಚಿತ್ರಗಳ ಸರಣಿ. ಸೆಕೆಂಡಿಗೆ 24 ಚಿತ್ರಗಳಂತೆ ತೋರಿಸಿದರೆ ನಮ್ಮ ಕಣ್ಣು ಮತ್ತು ಮಿದುಳು ಅವನ್ನು ಸತತ ಚಲನೆಯಾಗಿ ಗ್ರಹಿಸುತ್ತವೆ. ಐದು ನಿಮಿಷಕ್ಕೊಂದು ಚಿತ್ರ ತೆಗೆದು, ಸೆಕೆಂಡಿಗೆ 24ರಂತೆ ತೋರಿಸಿದರೆ ಏನಾಗುತ್ತದೆ? ಗಂಟೆಗೆ 12 ಚಿತ್ರ. ಮೂರು ದಿನಗಳಿಗೆ, ಅಂದರೆ 72 ಗಂಟೆಗಳಿಗೆ, 864 ಚಿತ್ರ. ಇವು 36 ಸೆಕೆಂಡಿನಲ್ಲಿ ಓಡಿಹೋಗುತ್ತವೆ. ಬೆಳವಣಿಗೆ 7200 ಪಟ್ಟು ವೇಗವಾಗಿ ಕಾಣುತ್ತದೆ.

ಅಂತರವನ್ನು ಮನಬಂದಂತೆ ಆರಿಸಬಹುದೇ? ಓಡುತ್ತಿರುವ ಸೀಲಿಂಗ್ ಫ್ಯಾನಿನ ವಿಡಿಯೊದಲ್ಲಿ ರೆಕ್ಕೆಗಳು ಕೆಲವೊಮ್ಮೆ ಹಿಮ್ಮುಖವಾಗಿ ತಿರುಗುವುದನ್ನು ನೀವು ನೋಡಿರಬಹುದು. ಮೂರು ರೆಕ್ಕೆಗಳ ಫ್ಯಾನ್ ನಿಮಿಷಕ್ಕೆ 330 ಸುತ್ತು ಹಾಕುತ್ತಿದೆ, ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತಿದೆ ಎನ್ನೋಣ. ಒಂದು ಚಿತ್ರದಿಂದ ಮುಂದಿನದಕ್ಕೆ ಪ್ರತಿ ರೆಕ್ಕೆಯೂ 66 ಡಿಗ್ರಿ ಮುಂದೆ ಸರಿಯುತ್ತದೆ. ರೆಕ್ಕೆಗಳ ನಡುವಿನ ಕೋನ 120 ಡಿಗ್ರಿ. ಹೀಗಾಗಿ 66 ಡಿಗ್ರಿ ಮುಂದೆ ಸರಿದದ್ದು, ಪಕ್ಕದ ರೆಕ್ಕೆಯು 54 ಡಿಗ್ರಿ ಹಿಂದೆ ಸರಿದಂತೆಯೂ ಕಾಣಬಹುದು. ನೋಡುವವರು ಸಾಮಾನ್ಯವಾಗಿ ಹತ್ತಿರದ ಹಾದಿಯನ್ನೇ ಗ್ರಹಿಸುತ್ತಾರೆ. ಆದ್ದರಿಂದ ಫ್ಯಾನ್ ಹಿಂದಕ್ಕೆ ತಿರುಗಿದಂತೆ ತೋರುತ್ತದೆ.

ಸಸ್ಯದಲ್ಲೂ ಇದೇ ಮೋಸ ಸಾಧ್ಯ. ಹಬ್ಬುವ ಜಾತಿಯ ಬೀನ್ಸ್ ಗಿಡದ ಕುಡಿ ಆಸರೆಯನ್ನು ಹುಡುಕುತ್ತಾ ವೃತ್ತಾಕಾರವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು ಎರಡು ಗಂಟೆ ಬೇಕು. ಚಾರ್ಲ್ಸ್ ಡಾರ್ವಿನ್ ಬಳ್ಳಿಗಳ ಇಂಥ ಚಲನೆಯನ್ನು ಕ್ಯಾಮೆರಾ ಇಲ್ಲದೆಯೇ ತಾಳ್ಮೆಯಿಂದ ಅಭ್ಯಸಿಸಿದರು. ನಾವು ಸರಿಯಾಗಿ 120 ನಿಮಿಷಕ್ಕೊಂದು ಚಿತ್ರ ತೆಗೆದರೆ ಕುಡಿ ಪ್ರತಿಬಾರಿಯೂ ಅದೇ ದಿಕ್ಕಿನಲ್ಲಿರುತ್ತದೆ. ಅದು ಸುತ್ತುವುದೇ ಇಲ್ಲ ಎನ್ನಿಸುತ್ತದೆ. 110 ನಿಮಿಷಕ್ಕೊಂದು ತೆಗೆದರೆ ಅದು ವಿರುದ್ಧ ದಿಕ್ಕಿನಲ್ಲಿ ನಿಧಾನವಾಗಿ ಸುತ್ತುವಂತೆ ಕಾಣುತ್ತದೆ. ಆದ್ದರಿಂದ ಚಿತ್ರಗಳ ನಡುವಿನ ಅಂತರ ಚಲನೆಯ ಆವರ್ತಕಾಲದ ಅರ್ಧಕ್ಕಿಂತ ಕಡಿಮೆ ಇರಲೇಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಐದು ನಿಮಿಷದ ಅಂತರದಲ್ಲಿ ಒಂದು ಸುತ್ತಿಗೆ 24 ಚಿತ್ರ ಸಿಗುತ್ತವೆ. ಎರಡು ಗಂಟೆಯ ಸುತ್ತು ಪರದೆಯ ಮೇಲೆ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಬೆಳಕಿನ ಎರಡು ತೊಡಕುಗಳು

ನಮ್ಮ ಮನೆಗಳ ಪರ್ಯಾಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಪ್ರತಿ ಆವರ್ತದಲ್ಲಿ ವಿದ್ಯುತ್ ಎರಡು ಬಾರಿ ಗರಿಷ್ಠ ಮಟ್ಟ ತಲುಪುವುದರಿಂದ ಹಳೆಯ ಬಗೆಯ ಟ್ಯೂಬ್‌ಲೈಟುಗಳೂ ಹಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ನಮ್ಮ ಕಣ್ಣಿಗೆ ಇದು ತಿಳಿಯದು. ಆದರೆ ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವುದರಿಂದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೂಡುತ್ತವೆ. ಕ್ಯಾಮೆರಾದಲ್ಲಿ ಅವಕಾಶವಿದ್ದರೆ ಬೆಳಕೊಡ್ಡುವ ಅವಧಿಯನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಆಗ ಪ್ರತಿ ಸಾಲಿಗೂ ಪೂರ್ಣ ಮಿನುಗುಗಳ ಬೆಳಕು ಸಮನಾಗಿ ದೊರೆತು ಪಟ್ಟಿಗಳು ಮಾಯವಾಗುತ್ತವೆ.

ಎರಡನೆಯ ತೊಡಕು ಇನ್ನೂ ಗಂಭೀರ. ನಾವು ಹಾಕಿದ ದೀಪ ಗಿಡದ ಬೆಳವಣಿಗೆಯನ್ನೇ ಬದಲಿಸುತ್ತದೆ. ಎಳೆಯ ಕಾಂಡ ಬೆಳಕಿನತ್ತ ಬಾಗುತ್ತದೆ. ಇದನ್ನು ಮುಖ್ಯವಾಗಿ ಪ್ರಚೋದಿಸುವುದು ನೀಲಿ ಬೆಳಕು. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಅದು ಸಾಕಷ್ಟಿದೆ. ದೀಪವನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ಗಿಡ ಕ್ಯಾಮೆರಾದತ್ತಲೇ ಬಾಗುತ್ತದೆ. ಮುಂದಿನಿಂದ ನೋಡುವ ಕ್ಯಾಮೆರಾಗೆ ಆ ಬಾಗು ಸರಿಯಾಗಿ ಕಾಣುವುದಿಲ್ಲ. ಬದಲಿಗೆ ಗಿಡ ಕುಳ್ಳಾದಂತೆ ತೋರುತ್ತದೆ. ಇದನ್ನು ತಪ್ಪಿಸಲು ದೀಪವನ್ನು ನೇರ ಮೇಲಿನಿಂದ ತೂಗುಬಿಡಿ. ಅಂಥದೇ ಇನ್ನೊಂದು ಗಿಡವನ್ನು ಕಿಟಕಿಯ ಬಳಿ, ಚಿತ್ರೀಕರಿಸದೆ ಬೆಳೆಸಿ. ಎರಡನ್ನೂ ಹೋಲಿಸಿದರೆ ದೀಪದ ಪ್ರಭಾವ ತಿಳಿಯುತ್ತದೆ.

ನೀವೂ ಮಾಡಿ ನೋಡಿ

ಗಾಜಿನ ಲೋಟದ ಒಳಮೈಗೆ ಒದ್ದೆ ಬ್ಲಾಟಿಂಗ್ ಪೇಪರ್ ಅಂಟಿಸಿ. ರಾತ್ರಿಯಿಡೀ ನೆನೆಸಿದ ನಾಲ್ಕು ಹೆಸರುಕಾಳುಗಳನ್ನು ಗಾಜಿಗೂ ಕಾಗದಕ್ಕೂ ನಡುವೆ ಸೇರಿಸಿ. ಲೋಟದ ತಳದಲ್ಲಿ ಸ್ವಲ್ಪ ನೀರಿರಲಿ. ಕಾಳುಗಳಿರುವಷ್ಟೇ ದೂರದಲ್ಲಿ ಒಂದು ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ. ಅದು ಹಿಂದೆ ಸರಿದರೆ ಅಳತೆ ತಪ್ಪುತ್ತದೆ. ಚಿತ್ರದ ಮೂಲೆಯಲ್ಲಿ ಒಂದು ಗಡಿಯಾರ ಕಾಣುತ್ತಿರಲಿ. ಫೋನನ್ನು ಇಟ್ಟಿಗೆಗೆ ಒರಗಿಸಿ, ಅಲುಗದಂತೆ ಕಟ್ಟಿ, ಚಾರ್ಜರ್‌ಗೆ ಜೋಡಿಸಿ. ಹಲವು ಫೋನುಗಳಲ್ಲಿ ಪರದೆಯನ್ನು ಒತ್ತಿಹಿಡಿದರೆ ಫೋಕಸ್ ಮತ್ತು ಬೆಳಕಿನ ಮಟ್ಟ ಸ್ಥಿರವಾಗುತ್ತವೆ. ಕೆಲವು ಫೋನುಗಳ ಟೈಮ್‌ಲ್ಯಾಪ್ಸ್ ವ್ಯವಸ್ಥೆ ಅಂತರವನ್ನು ತಾನೇ ಬದಲಿಸುತ್ತದೆ. ಆಗ ಚಿತ್ರದೊಳಗಿನ ಗಡಿಯಾರವೇ ನಂಬಿಕೆಗೆ ಅರ್ಹ.

ಮೂರು ದಿನಗಳ ನಂತರ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿ, ಬೇರಿನ ಉದ್ದವನ್ನು ಮಿಲಿಮೀಟರುಗಳಲ್ಲಿ ಓದಿ, ಕಾಲಕ್ಕೆ ಎದುರಾಗಿ ನಕ್ಷೆ ಬರೆಯಿರಿ. ಬೇರು ಎಲ್ಲ ಗಂಟೆಗಳಲ್ಲೂ ಒಂದೇ ವೇಗದಲ್ಲಿ ಬೆಳೆಯಿತೇ? ಹಗಲಿಗೂ ರಾತ್ರಿಗೂ ವ್ಯತ್ಯಾಸವಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಆ ನಕ್ಷೆಯಲ್ಲಿದೆ. ವಿಡಿಯೊವನ್ನು ತರಗತಿಯಲ್ಲಿ ತೋರಿಸುವಾಗ ಅಂತರ ಎಷ್ಟು, ದೀಪ ಯಾವ ದಿಕ್ಕಿನಲ್ಲಿತ್ತು, ಅಳತೆ ಯಾವುದು ಎಂಬುದನ್ನು ಮೊದಲು ಹಲಗೆಯ ಮೇಲೆ ಬರೆಯಿರಿ. ಆಗ ಇನ್ನೊಬ್ಬರೂ ಅದೇ ಪ್ರಯೋಗವನ್ನು ತಮ್ಮ ಮನೆಯಲ್ಲಿ ಮಾಡಿ ನಿಮ್ಮ ಫಲಿತಾಂಶವನ್ನು ಪರೀಕ್ಷಿಸಬಹುದು.