ಹೊರಡುವ ಮೊದಲೇ ಹುಟ್ಟುವ ಲೇಖನ

ಮಾಸಪತ್ರಿಕೆಯೊಂದರ ನಡುಪುಟಗಳಲ್ಲಿ ದೂರದೇಶದ ನದೀಕಣಿವೆಯೊಂದರ ವೃತ್ತಾಂತವನ್ನು, ಅದರ ಮಗ್ಗುಲಲ್ಲಿ ಹರಡಿಕೊಂಡ ವರ್ಣಚಿತ್ರಗಳೊಡನೆ ಮನಸ್ಸು ತುಂಬಿ ಓದಿದ ವಾಚಕನು, ಲೇಖಕನು ಅಲ್ಲಿಗೆ ಹೋದನು, ಕಣ್ಣಿಗೆ ಬಿದ್ದದ್ದನ್ನು ನೋಡಿದನು, ಊರಿಗೆ ಮರಳಿ ನೋಡಿದ್ದನ್ನು ಬರೆದನು ಎಂದು ಭಾವಿಸಿದರೆ ಅದು ಸಹಜವೇ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದಂಥ, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ವಿನಂಥ ನಮ್ಮ ಪ್ರವಾಸಗ್ರಂಥಗಳಲ್ಲಿ ಪ್ರಯಾಣವು ಮೊದಲು ನಡೆದು ಬರವಣಿಗೆಯು ಅದನ್ನು ಅನುಸರಿಸಿ ಬಂದಿತು, ಲೇಖಕನ ವ್ಯಕ್ತಿತ್ವವೇ ಅಲ್ಲಿ ವಸ್ತುವನ್ನು ಆರಿಸಿತು. ಪತ್ರಿಕೆಯ ಪ್ರವಾಸ ನುಡಿಚಿತ್ರದ ಜನ್ಮಕ್ರಮವೇ ಬೇರೆ. ಅದು ರೈಲಿನ ಟಿಕೆಟ್ಟು ಕೊಳ್ಳುವುದಕ್ಕೆ ಬಹಳ ಮುಂಚೆ, ಸಂಪಾದಕನ ಮೇಜಿನ ಮೇಲೆ, ಒಂದು ಪುಟದ ಪ್ರಸ್ತಾವವಾಗಿ ಹುಟ್ಟುತ್ತದೆ. ಆ ಒಂದು ಪುಟದಲ್ಲಿ ಏನಿತ್ತು, ಏನಿರಲಿಲ್ಲ ಎಂಬುದರಿಂದ ತಿಂಗಳುಗಳ ಅನಂತರ ಅಚ್ಚಾಗುವ ಲೇಖನದ ಸತ್ಯಾಸತ್ಯಗಳು ಬಹುಮಟ್ಟಿಗೆ ನಿರ್ಣಯವಾಗಿಬಿಡುತ್ತವೆ.

‘ನಾನು ಬಾಲಿ ದ್ವೀಪಕ್ಕೆ ಹೋಗುತ್ತೇನೆ, ಬರೆಯಲೇ?’ ಎಂದು ಕೇಳುವ ಲೇಖಕನಿಗೆ ಅನುಭವಿಯಾದ ಸಂಪಾದಕನು ಒಪ್ಪಿಗೆ ಕೊಡುವುದಿಲ್ಲ. ಬಾಲಿಯೆಂಬುದು ಒಂದು ಸ್ಥಳ. ಅಲ್ಲಿಯ ಗದ್ದೆಗಳಿಗೆ ನೀರನ್ನು ಜಲದೇವಾಲಯಗಳ ಆಶ್ರಯದಲ್ಲಿ ರೈತರೇ ಕೂಡಿ ಹಂಚಿಕೊಳ್ಳುವ ‘ಸುಬಕ್’ ಎಂಬ ಪದ್ಧತಿಯು ಒಂದು ವಿಷಯ. ಸ್ಥಳದಿಂದ ವಿಷಯಕ್ಕೆ ಸಾಗುವ ಈ ಹೆಜ್ಜೆಯನ್ನು ಪ್ರಸ್ತಾವದಲ್ಲಿಯೇ ಇಟ್ಟು ತೋರಿಸಬೇಕು. ಅನಂತರವೂ ಸಂಪಾದಕನಲ್ಲಿ ಹತ್ತಾರು ಪ್ರಶ್ನೆಗಳಿರುತ್ತವೆ: ಈ ವಸ್ತುವು ತನ್ನ ಹಿಂದಿನ ಸಂಚಿಕೆಗಳಲ್ಲಿ ಬಂದಿದೆಯೇ, ಚಿತ್ರಗಳಿಗೆ ಒದಗುವಂಥದೇ, ಯಾವ ಋತುವಿಗೆ ಹೊಂದುತ್ತದೆ? ಮುಂದಿನ ಶ್ರಾವಣದ ಸಂಚಿಕೆಯಲ್ಲಿ ಮಳೆಗಾಲದ ಮಲೆನಾಡು ಬರಬೇಕಾದರೆ ಅದರ ಚಿತ್ರಗಳನ್ನು ಈ ವರ್ಷದ ಮಳೆಯಲ್ಲಿಯೇ ತೆಗೆಯಬೇಕಷ್ಟೆ. ಎಲ್ಲವೂ ಕೂಡಿಬಂದ ಮೇಲೆ ಲೇಖಕನಿಗೆ ಒಂದು ಪತ್ರವು ಹೋಗುತ್ತದೆ. ಪದಗಳೆಷ್ಟು, ಕೊಡಬೇಕಾದ ದಿನ ಯಾವುದು, ಪ್ರಯಾಣದ ವೆಚ್ಚವನ್ನು ಯಾರು ಭರಿಸತಕ್ಕದ್ದು, ಸಂಭಾವನೆಯೆಷ್ಟು, ಲೇಖನವು ಅಚ್ಚಾಗದೆ ಹೋದಲ್ಲಿ ಅದರ ಎಷ್ಟು ಪಾಲು ಸಲ್ಲುವುದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಛಾಯಾಗ್ರಾಹಕನಿಗೆ ಪ್ರತ್ಯೇಕ ಪತ್ರ. ದೊಡ್ಡ ಪತ್ರಿಕೆಗಳಲ್ಲಿ ಅವನೂ ಲೇಖಕನೂ ಬೇರೆ ಬೇರೆ ಕಾಲಗಳಲ್ಲಿ ಪ್ರಯಾಣಮಾಡಿ, ಮರಳಿ ಬಂದ ಮೇಲೆಯೇ ಪರಸ್ಪರ ಕಾಣುವುದೂ ಉಂಟು.

ಆಜ್ಞಾಪತ್ರವು ಪ್ರಯಾಣಿಕನ ಕಣ್ಣನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಕನ್ನಡನಾಡಿನ ಚರಿತ್ರೆಯಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದನು. ಅವನ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅವನೇನೂ ಪತ್ರಿಕೆಯ ಲೇಖಕನಲ್ಲ. ಆದರೆ ಬೇಸಾಯ, ಕೈಗಾರಿಕೆ, ವ್ಯಾಪಾರಗಳ ಸ್ಥಿತಿಯನ್ನು ವಿಚಾರಿಸಿಕೊಂಡು ಬರಬೇಕೆಂಬ ನಿಯಮವನ್ನು ಹೊತ್ತು ಹೊರಟವನಾದ್ದರಿಂದ, ನೇಗಿಲು, ಬಿತ್ತನೆ, ಕೆರೆ, ನೇಯ್ಗೆಯ ಮಗ್ಗಗಳನ್ನು ಅವನು ಕಂಡಷ್ಟು ಸೂಕ್ಷ್ಮವಾಗಿ ಆ ಕಾಲದ ಮತ್ತಾವ ಪಾಶ್ಚಾತ್ಯ ಪ್ರಯಾಣಿಕನೂ ಕಂಡಂತೆ ನನಗೆ ತೋರದು. ಅಷ್ಟೇ ಸ್ಪಷ್ಟವಾಗಿ, ಹೊಸದಾಗಿ ಕೈಸೇರಿದ ಸೀಮೆಯಿಂದ ಏನನ್ನು ಪಡೆಯಬಹುದೆಂಬ ಕಂಪನಿ ಸರಕಾರದ ಕುತೂಹಲವೂ ಆ ಪುಟಗಳ ಹಿಂದೆ ನಿಂತಿದೆ.

ಪತ್ರಿಕಾಪ್ರಪಂಚದಲ್ಲಿ ಈ ಕಾಯಕವನ್ನು ಒಂದು ಶಾಸ್ತ್ರವನ್ನಾಗಿ ಬೆಳೆಯಿಸಿದ ಕೀರ್ತಿಯು ‘ನ್ಯಾಷನಲ್ ಜಿಯೊಗ್ರಾಫಿಕ್’ಗೆ ಸಲ್ಲತಕ್ಕದ್ದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅದರ ಹಳದಿ ಅಂಚಿನ ಸಂಚಿಕೆಗಳನ್ನು ಹುಡುಕಿ ಕೊಂಡವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. 1888ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ಥಾಪಿತವಾದ ಭೂಗೋಳ ಸಂಘವೊಂದರ ಪಾಂಡಿತ್ಯಭಾರದ ಪತ್ರಿಕೆಯಾಗಿ ಅದು ಆರಂಭವಾಯಿತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಸಂಘದ ಅಧ್ಯಕ್ಷನಾಗಿದ್ದಾಗ, 1899ರಲ್ಲಿ, ಇಪ್ಪತ್ತಮೂರು ವಯಸ್ಸಿನ ಗಿಲ್ಬರ್ಟ್ ಗ್ರೋವ್ನರ್ ಎಂಬ ಯುವಕನನ್ನು ಕರೆತಂದು, ಮೊದಮೊದಲು ಅವನ ಸಂಬಳವನ್ನು ತಾನೇ ಕೊಟ್ಟು, ಪತ್ರಿಕೆಯನ್ನು ಅವನ ಕೈಗಿತ್ತನು. 1905ರ ಜನವರಿ ಸಂಚಿಕೆಯಲ್ಲಿ ಹನ್ನೊಂದು ಪುಟಗಳು ಖಾಲಿಯಿದ್ದು ಅಚ್ಚಿನವರು ಕಾಯುತ್ತಿರಲು, ರಷ್ಯದ ಭೂಗೋಳ ಸಂಘವು ಕಳುಹಿಸಿದ ಲ್ಹಾಸಾ ನಗರದ ಛಾಯಾಚಿತ್ರಗಳು ಗ್ರೋವ್ನರನಿಗೆ ದೊರೆತವು. ಹೊರಗಿನವರು ಪ್ರವೇಶಿಸುವುದೇ ದುಸ್ಸಾಧ್ಯವಾಗಿದ್ದ ಆ ನಗರದ ಚಿತ್ರಗಳಿಂದಲೇ ಅವನು ಆ ಪುಟಗಳನ್ನೆಲ್ಲ ತುಂಬಿದನು. ಕೆಲಸ ಹೋಗಬಹುದೆಂಬ ಶಂಕೆಯು ಅವನನ್ನು ಕಾಡಿತ್ತು; ಬಂದದ್ದು ಅಭಿನಂದನೆ. ಮರುವರ್ಷ ಜಾರ್ಜ್ ಶೈರಾಸ್ ರಾತ್ರಿಯಲ್ಲಿ ತೆಗೆದ ವನ್ಯಮೃಗಗಳ ಚಿತ್ರಗಳು ಹೊರಬಂದಾಗ, ಇದು ಚಿತ್ರಪುಸ್ತಕವಾಗುತ್ತಿದೆಯೆಂದು ಆಡಳಿತಮಂಡಳಿಯ ಇಬ್ಬರು ರಾಜೀನಾಮೆಯಿತ್ತರು. ಗ್ರೋವ್ನರನಾದರೋ 1954ರವರೆಗೆ ಸಂಪಾದಕನಾಗಿ ಉಳಿದನು.

ಅಂಥ ಪತ್ರಿಕೆಗಾಗಿ ಹೊರಡುವ ಲೇಖಕನು ದಾರಿಯಲ್ಲಿ ಮಾಡುವ ಕೆಲಸಕ್ಕಿಂತ ಮನೆಯಲ್ಲಿ ಕುಳಿತು ಮಾಡುವ ಸಿದ್ಧತೆಯೇ ಅಧಿಕ. ಭೂಪಟಗಳು, ಗೆಜೆಟಿಯರುಗಳು, ಹಿಂದಿನ ಪ್ರಯಾಣಿಕರ ಬರಹಗಳು, ಪತ್ರಿಕೆಯದೇ ಹಳೆಯ ಸಂಚಿಕೆಗಳು, ಇವನ್ನೆಲ್ಲ ಓದಿ, ಅಲ್ಲಿಯ ಭಾಷೆ ಬಲ್ಲ ಜೊತೆಗಾರನೊಬ್ಬನನ್ನು ಗೊತ್ತುಮಾಡಿಕೊಂಡು ಹೋದವನಿಗೆ ಮಾತ್ರ, ತಾನು ಓದಿದ್ದಕ್ಕೆ ಹೊಂದದ ಸಂಗತಿ ಎದುರಾದಾಗ ಅದು ಹೊಸತೆಂಬ ಅರಿವು ಉಂಟಾಗುತ್ತದೆ. ಸ್ಥಳದಲ್ಲಿ ಅವನ ಟಿಪ್ಪಣಿಪುಸ್ತಕಕ್ಕೆ ಸೇರದ ವಸ್ತುವಿಲ್ಲ: ಒಂದು ಲೋಟ ಚಹದ ಬೆಲೆ, ದೋಣಿಯ ಮೇಲೆ ಬಳಿದ ಹೆಸರು, ಗಾಳಿ ಬೀಸುವ ದಿಕ್ಕು. ಮಾತಾಡಿಸಿದವರ ಹೆಸರನ್ನು ಅವರ ಕೈಯಿಂದಲೇ ಬರೆಯಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಇವುಗಳಲ್ಲಿ ಹೆಚ್ಚಿನದು ಲೇಖನಕ್ಕೆ ಬಾರದು. ಆದರೆ ಯಾವುದು ಬರಬೇಕೆಂಬುದು ಬರೆಯಲು ಕುಳಿತಾಗಲ್ಲದೆ ತಿಳಿಯದಾದಕಾರಣ ಎಲ್ಲವನ್ನೂ ಕೂಡಿಹಾಕಲೇಬೇಕು.

ಲೇಖಕನು ಒಪ್ಪಿಸಿದ ಕರಡು ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಉದ್ದವಾಗಿರುತ್ತದೆ. ವಿಮಾನನಿಲ್ದಾಣದಿಂದ ಊರು ಸೇರಿದ ಕಥೆಯನ್ನು ಸಂಪಾದಕನು ಮೊದಲು ಹೊಡೆದುಹಾಕುತ್ತಾನೆ. ಇದನ್ನು ವಾಚಕನು ಏತಕ್ಕೆ ಓದಬೇಕೆಂದು ತಿಳಿಸುವ ಕಂಡಿಕೆ ಐದನೆಯ ಪುಟದಲ್ಲಿ ಅಡಗಿದ್ದರೆ ಅದನ್ನು ಮುಂದಕ್ಕೆ ತರುತ್ತಾನೆ. ಅಲ್ಲಿಂದ ಹಸ್ತಪ್ರತಿಯು, ವಾಚಕರು ಎಂದೂ ಕಾಣದ ಒಬ್ಬರ ಕೈಗೆ ಹೋಗುತ್ತದೆ. ಅವರು ತಥ್ಯಪರಿಶೋಧಕರು. ಪ್ರತಿಯೊಂದು ಹೆಸರು, ಸಂಖ್ಯೆ, ದಿಕ್ಕು, ಬಣ್ಣಗಳ ಕೆಳಗೆ ಗೆರೆಯೆಳೆದು, ಇದಕ್ಕೆ ಆಧಾರವೇನೆಂದು ಅವರು ಕೇಳುತ್ತಾರೆ. ಲೇಖಕನು ತನ್ನ ಟಿಪ್ಪಣಿಗಳನ್ನೂ ಗ್ರಂಥಗಳ ಪುಟಸಂಖ್ಯೆಗಳನ್ನೂ ತಾನು ಕಂಡವರ ವಿಳಾಸಗಳನ್ನೂ ಒಪ್ಪಿಸಬೇಕು. ಸಾಲದೆಹೋದರೆ ಅವರೇ ಅಂಬಿಗನಿಗೋ ಅರ್ಚಕನಿಗೋ ದೂರವಾಣಿ ಮಾಡಿ ಕೇಳಿಕೊಳ್ಳುತ್ತಾರೆ. ಈ ಕೆಲಸವನ್ನು ನೀರಸವಾದ ಗುಮಾಸ್ತಿಕೆಯೆಂದು ತಿಳಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ವಾಚಕನ ವಿಷಯದಲ್ಲಿ ಪತ್ರಿಕೆಯು ತೋರಬಹುದಾದ ಅತ್ಯುನ್ನತ ಗೌರವ.

ಜೋಸೆಫ್ ರಾಕ್ ಎಂಬ ಸಸ್ಯಶಾಸ್ತ್ರಜ್ಞನ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾಗಿದ್ದ ಈತನು ಚೀಣಾದೇಶದ ಯುನ್ನಾನ್ ಪ್ರಾಂತದಲ್ಲಿ ಬಿಡಾರಹೂಡಿ ಜಿಯೊಗ್ರಾಫಿಕ್ಕಿಗೆ ಬರೆಯುತ್ತಿದ್ದನು. ಕುಷ್ಠರೋಗಕ್ಕೆ ಆಗ ಕೊಡುತ್ತಿದ್ದ ತೈಲದ ಮೂಲವಾದ ಚಾಲ್ಮೂಗ್ರ ವೃಕ್ಷವನ್ನು ಅರಸಿಹೋದ ಕಥನವನ್ನು 1922ರಲ್ಲಿ ಅದರಲ್ಲಿ ಪ್ರಕಟಿಸಿದವನು ಅವನೇ. ಸಿಚುವಾನ್ ಸೀಮೆಯ ಮಿನ್ಯಾ ಕೊಂಕಾ ಎಂಬ ಹಿಮಶಿಖರವನ್ನು ಅಳೆದು, ಅದು 30,250 ಅಡಿಗಳಷ್ಟಿದ್ದು ಭೂಮಂಡಲದಲ್ಲಿಯೇ ಅತ್ಯುನ್ನತವಾದುದೆಂದು 1930ರಲ್ಲಿ ಅವನು ವಾಷಿಂಗ್ಟನ್ನಿಗೆ ತಂತಿ ಕಳುಹಿಸಿದನು. ಎವರೆಸ್ಟಿನ ಎತ್ತರವನ್ನು ಆಗ 29,002 ಅಡಿಗಳೆಂದು ಎಣಿಸುತ್ತಿದ್ದರು. ಈ ಸುದ್ದಿಯನ್ನು ಮೊದಲು ಪ್ರಕಟಿಸುವ ಭಾಗ್ಯವನ್ನು ಯಾವ ಪತ್ರಿಕೆ ತಾನೆ ಬಿಟ್ಟುಕೊಟ್ಟೀತು? ಈ ಪತ್ರಿಕೆಯು ಬಿಟ್ಟುಕೊಟ್ಟಿತು. ಲೆಕ್ಕವನ್ನು ಪರೀಕ್ಷಿಸದೆ ಅಚ್ಚುಮಾಡಲು ಸಂಘದವರು ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಲೇಖನವು ಹೊರಬೀಳುವ ಹೊತ್ತಿಗೆ ಶಿಖರವು ಸುಮಾರು ಐದು ಸಾವಿರ ಅಡಿಗಳಷ್ಟು ಇಳಿದಿತ್ತು. 1932ರಲ್ಲಿ ಅಮೆರಿಕದ ತರುಣರು ಅದನ್ನು ಏರಿ ಅಳೆದಾಗ ಅದರ ಎತ್ತರವು 25,000 ಅಡಿಗಳಿಗೂ ತುಸು ಕಡಿಮೆಯೆಂದು ಕಂಡುಬಂದಿತು.

ಪರಿಶೋಧಕರ ಲೇಖನಿಯು ಅಂಕಿಯನ್ನು ತಿದ್ದಬಲ್ಲುದು. ಲೇಖಕನು ಕಾಣದೆ ಬಿಟ್ಟುದನ್ನು, ಕಾಣಬಾರದೆಂದು ಹೊರಟಾಗಲೇ ನಿಶ್ಚಯವಾಗಿದ್ದುದನ್ನು ಅದು ಹೇಗೆ ತಿದ್ದೀತು? ಗ್ರೋವ್ನರನು 1915ರಲ್ಲಿ ಪತ್ರಿಕೆಗೆ ವಿಧಿಸಿದ ಏಳು ಸೂತ್ರಗಳಲ್ಲಿ ಮೊದಲನೆಯದು ಪರಿಪೂರ್ಣ ಯಾಥಾರ್ಥ್ಯ. ಇನ್ನೊಂದು, ಯಾವ ದೇಶದ, ಯಾವ ಜನರ ವಿಷಯದಲ್ಲಿಯೂ ಸೌಹಾರ್ದದ ಮಾತನ್ನಲ್ಲದೆ ಅಪ್ರಿಯವಾದುದನ್ನು ಪ್ರಕಟಿಸತಕ್ಕದ್ದಲ್ಲ ಎಂಬುದು. ಓದುವುದಕ್ಕೆ ಎರಡೂ ಸಜ್ಜನಿಕೆಯ ಮಾತುಗಳೇ. ಆದರೆ 1937ರ ಫೆಬ್ರವರಿಯಲ್ಲಿ ಅದೇ ಪತ್ರಿಕೆಯಲ್ಲಿ ಬರ್ಲಿನ್ ನಗರವನ್ನು ಕುರಿತು ಡಗ್ಲಸ್ ಚಾಂಡ್ಲರ್ ಬರೆದ ಲೇಖನವು, ಯೆಹೂದ್ಯರ ಪೌರತ್ವವನ್ನೇ ಕಿತ್ತುಕೊಂಡ ನ್ಯೂರೆಂಬರ್ಗ್ ಶಾಸನಗಳಾಗಿ ಎರಡು ವರ್ಷ ತುಂಬುವುದರೊಳಗೆ, ಆ ನಗರವನ್ನು ಉಲ್ಲಾಸಭರಿತವಾದ ರಾಜಧಾನಿಯನ್ನಾಗಿ ಚಿತ್ರಿಸಿತು. ಲೇಖಕನು ಮುಂದೆ ನಾಜಿಗಳ ಆಕಾಶವಾಣಿಯಲ್ಲಿ ಭಾಷಣಕಾರನಾಗಿ, 1947ರಲ್ಲಿ ದೇಶದ್ರೋಹಕ್ಕಾಗಿ ಅಮೆರಿಕದ ನ್ಯಾಯಾಲಯದಿಂದ ಶಿಕ್ಷೆ ಹೊಂದಿದನು. ಬೀದಿಗಳ ಹೆಸರುಗಳನ್ನೂ ಕಟ್ಟಡಗಳ ಅಳತೆಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಿದರೂ ಅಂಥ ಲೇಖನದ ಅಸತ್ಯವು ಕೈಗೆ ಸಿಕ್ಕದು. ಸೌಹಾರ್ದದ ಸೂತ್ರವೂ ಎಲ್ಲರಿಗೆ ಒಂದೇ ಆಗಿರಲಿಲ್ಲ: ಸೂತ್ರ ಹುಟ್ಟಿದ ಮರುವರ್ಷವೇ ಆಸ್ಟ್ರೇಲಿಯದ ಆದಿವಾಸಿಗಳ ಚಿತ್ರವೊಂದರ ಅಡಿಬರಹವು ಅವರನ್ನು ಬುದ್ಧಿಯಲ್ಲಿ ಮಾನವರೆಲ್ಲರಿಗಿಂತ ಕೀಳೆಂದು ಬಣ್ಣಿಸಿತ್ತು.

2018ರಲ್ಲಿ ಸಂಪಾದಕಿ ಸೂಸನ್ ಗೋಲ್ಡ್‌ಬರ್ಗ್ ಈ ಹಳೆಯ ಕಡತಗಳನ್ನು ವಿಮರ್ಶಿಸುವುದಕ್ಕೆ ಜಾನ್ ಎಡ್ವಿನ್ ಮೇಸನ್ ಎಂಬ ಇತಿಹಾಸಕಾರರನ್ನು ಬರಮಾಡಿಕೊಂಡರು. ತಮ್ಮ ಪತ್ರಿಕೆಯು ದಶಕಗಳ ಕಾಲ ಜನಾಂಗದ್ವೇಷದಿಂದ ಕೂಡಿತ್ತೆಂಬುದನ್ನು ಆ ವರ್ಷದ ಏಪ್ರಿಲ್ ಸಂಚಿಕೆಯಲ್ಲಿ ತಾವೇ ಬರೆದರು. ಲೇಖಕರು ಯಾರೊಡನೆ ಮಾತಾಡಿದರು, ಯಾರನ್ನು ಕೇವಲ ದೃಶ್ಯವಾಗಿ ನೋಡಿದರು ಎಂಬುದನ್ನು ಕೇಳುತ್ತ ಹೋದ ಮೇಸನ್ನರಿಗೆ ದಕ್ಷಿಣ ಆಫ್ರಿಕದ ಮೇಲಿನ ಎರಡು ಲೇಖನಗಳು ದೊರೆತವು. ಶಾರ್ಪ್‌ವಿಲ್ಲಿನಲ್ಲಿ 69 ಮಂದಿ ಕರಿಯರನ್ನು ಪೋಲೀಸರು ಕೊಂದು ಎರಡೂವರೆ ವರ್ಷಗಳಾಗಿದ್ದಾಗ, 1962ರಲ್ಲಿ, ಅಚ್ಚಾದ ಮೊದಲನೆಯದರಲ್ಲಿ ಆ ದೇಶಕ್ಕೆ ಸಂಕಟವೊಂದಿದೆಯೆಂಬುದೇ ಹೆಚ್ಚುಕಡಿಮೆ ಕಾಣದು. ಕರಿಯರ ಧ್ವನಿಯೊಂದೂ ಅಲ್ಲಿಲ್ಲ. 1977ರ ಎರಡನೆಯದರಲ್ಲಿ ದಬ್ಬಾಳಿಕೆಯನ್ನು ದಬ್ಬಾಳಿಕೆಯೆಂದೇ ಕರೆದಿದೆ. ಅದನ್ನು ವಿರೋಧಿಸಿದ ನಾಯಕರ ಚಿತ್ರಗಳೂ ಅದರಲ್ಲಿವೆ.